ಮೊರವೂ ಪರೀಕ್ಷೆಯೂ

ಅಕ್ಕಿಯನ್ನು ಕೇರುವ ಕೈ ಹೇಗೋ ಅನ್ನವೂ ಹಾಗೆಯೇ ಎಂಬುದನ್ನು ಗೃಹಿಣಿಯರೆಲ್ಲರೂ ಬಲ್ಲರು. ಪ್ರಯೋಗಶಾಲೆಯಲ್ಲಿ ಹೊಸ ಪ್ರೋಟೀನುಗಳನ್ನು ರೂಪಿಸುವ ವಿಜ್ಞಾನಿಗಳೂ ಇದೇ ಪಾಠವನ್ನು ಕಲಿತಿರುವರು. ಅದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಪೋಷಕರ ಅವಗಾಹನೆಗೆ ತರಬಯಸುತ್ತೇವೆ.

ಯೂರೋಪಿನ ಎಲೆಕೋಸಿನ ತೋಟಗಳಲ್ಲಿ ಹಾರಾಡುವ ಬಿಳಿಯ ಚಿಟ್ಟೆಯೊಂದುಂಟು. ಅದರ ದೇಹದಲ್ಲಿರುವ ಬಟ್ಟಲಿನಂಥ ಪ್ರೋಟೀನೊಂದು ನೀಲಿಹಸುರು ಬಣ್ಣದ ಅಣುವನ್ನು ತನ್ನ ಕುಳಿಯಲ್ಲಿ ಹಿಡಿದಿಟ್ಟುಕೊಳ್ಳುವುದು. ಜರ್ಮನಿಯ ಆರ್ನೆ ಸ್ಕೆರಾ ಮತ್ತು ಸಂಗಡಿಗರು ಆ ಕುಳಿಯ 16 ಸ್ಥಾನಗಳ ಅಮೈನೋ ಆಮ್ಲಗಳನ್ನು ಗೊತ್ತುಗುರಿಯಿಲ್ಲದೆ ಬದಲಿಸಿ ಅಸಂಖ್ಯ ರೂಪಗಳನ್ನು ಪಡೆದರು. ಅವುಗಳೊಳಗಿಂದ, ಫ್ಲೂರೆಸೀನ್ ಎಂಬ ಬೇರೊಂದು ಅಣುವನ್ನು ಹಿಡಿಯಬಲ್ಲವುಗಳನ್ನು ಆರಿಸಿ 1999ರಲ್ಲಿ ಪ್ರಕಟಿಸಿದರು. ಹೃದ್ರೋಗಕ್ಕೆ ಮದ್ದಾಗಿದ್ದು ಪ್ರಮಾಣ ಮೀರಿದರೆ ವಿಷವಾಗುವ ಡಿಜಾಕ್ಸಿನ್ ಜಾತಿಯ ಅಣುಗಳನ್ನು ಹಿಡಿಯುವ ಪ್ರೋಟೀನುಗಳೂ ಮುಂದೆ ಇದೇ ಮಾರ್ಗದಿಂದ ದೊರೆತವು. ಪ್ರೋಟೀನುಗಳನ್ನು ಹೀಗೆ ಬದಲಿಸಿ ಆರಿಸುವ ವಿದ್ಯೆಯಲ್ಲಿ ಅಗ್ರಗಣ್ಯರಾದ ಅಮೆರಿಕದ ಮಹಿಳೆ ಫ್ರಾನ್ಸಿಸ್ ಆರ್ನಾಲ್ಡ್ ಅವರು 2018ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದ ಅರ್ಧಭಾಗಕ್ಕೆ ಪಾತ್ರರಾದರು.

ಆರಿಸುವ ಕ್ರಮವು ಹೀಗಿದೆ. ಬೇಕಾದ ಅಣುವನ್ನು ಪ್ಲಾಸ್ಟಿಕ್ ತಟ್ಟೆಗೆ ಅಂಟಿಸಿ, ಒಂದೊಂದು ಪ್ರೋಟೀನನ್ನು ಮೈಮೇಲೆ ಹೊತ್ತ, ಬ್ಯಾಕ್ಟೀರಿಯಗಳಿಗೆ ಮಾತ್ರ ತಗಲುವ ವೈರಸುಗಳನ್ನು ಅದರಲ್ಲಿ ಸುರಿದು ತೊಳೆಯುವರು. ಅಣುವನ್ನು ಹಿಡಿದವು ಉಳಿಯುವುವು. ಅವನ್ನು ಬೆಳೆಸಿ ಮತ್ತೆ ತೊಳೆಯುವರು. ಆದರೆ ಇಲ್ಲೊಂದು ಮೋಸವುಂಟು. ಅಣುವನ್ನು ಬಿಟ್ಟು ತಟ್ಟೆಯ ಪ್ಲಾಸ್ಟಿಕ್ಕಿಗೇ ಅಂಟಿಕೊಂಡವೂ ಗೆದ್ದವುಗಳಂತೆ ಉಳಿದುಬಿಡುವುವು. ಆದುದರಿಂದ ಜಾಣರು ಮೊದಲು ಬರಿಯ ತಟ್ಟೆಯಲ್ಲಿ ಸುರಿದು, ಅದಕ್ಕೆ ಅಂಟುವವುಗಳನ್ನು ಬೇರ್ಪಡಿಸುವರು. ಯಾವುದನ್ನು ಪರೀಕ್ಷಿಸುವೆವೋ ಅದೇ ದೊರೆಯುವುದೆಂಬುದು ಅವರಲ್ಲಿ ಪ್ರಚಲಿತವಾದ ಸೂತ್ರ.

ನಮ್ಮ ವಾರ್ಷಿಕ ಪರೀಕ್ಷೆಯೂ ಅಂಥ ತಟ್ಟೆಯೇ. ವಿಷಯವನ್ನು ಹಿಡಿದ ಬಾಲಿಕೆಯೂ, ಪ್ರಶ್ನೋತ್ತರದ ಪುಸ್ತಕಕ್ಕೆ ಅಂಟಿಕೊಂಡ ಬಾಲಿಕೆಯೂ ಸಮನಾದ ಅಂಕಗಳನ್ನು ಪಡೆಯುವುದನ್ನು ನಾವು ವರ್ಷವರ್ಷವೂ ಕಾಣುತ್ತಲಿದ್ದೇವೆ. ದೋಷವು ಮಕ್ಕಳದಲ್ಲ, ಆರಿಸುವವರದು. ಪುಸ್ತಕದಲ್ಲಿಲ್ಲದ ಪ್ರಶ್ನೆಯನ್ನು ಕೇಳಿದಾಗ ಪಾಠದ ಹೊರಗಿನದೆಂದು ಕೆಲವು ಪೋಷಕರು ಆಕ್ಷೇಪಿಸುವುದುಂಟು. ಆದರೆ ಬರಿಯ ತಟ್ಟೆ ಮಾಡುವ ಕೆಲಸವನ್ನೇ ಆ ಪ್ರಶ್ನೆಯೂ ಮಾಡುವುದು. ಅದರಿಂದ ಮೊದಮೊದಲು ಅಂಕಗಳು ಕೆಲವು ಕಡಿಮೆಯಾದಾವು. ತಾಯಿತಂದೆಗಳು ಅದನ್ನು ಸಹಿಸಿಕೊಳ್ಳಬೇಕೆಂದು ಬೇಡುತ್ತೇವೆ.

ಹಳೆಯ ವಿದ್ಯಾರ್ಥಿನಿಯರೇ, ಶಾಲೆಯನ್ನು ಬಿಟ್ಟು ಇಷ್ಟು ವರ್ಷಗಳಾದ ಮೇಲೆ ನಿಮ್ಮಲ್ಲಿ ನಿಜವಾಗಿ ಉಳಿದ ವಿದ್ಯೆ ಯಾವುದೆಂಬುದನ್ನು ಈ ತಾಯಂದಿರಿಗೆ ನೀವೇ ತಿಳಿಸಿರಿ. ಅದು ನಮ್ಮ ಮಾತಿಗಿಂತ ಹೆಚ್ಚು ಬಲವುಳ್ಳದ್ದು.