ಒಂದು ಗುಡ್ಡದ ಪಾಠ, ಎಲ್ಲ ಗುಡ್ಡಗಳ ಮೇಲೆ

ಚೀನಾದ ಶಾನ್ಸಿ ಪ್ರಾಂತ್ಯದ ತಾಯ್‌ಹಾಂಗ್ ಪರ್ವತಸಾಲಿನಲ್ಲಿ ದಾಜಾಯ್ ಎಂಬ ಪುಟ್ಟ ಹಳ್ಳಿಯಿದೆ. ಸಡಿಲ ಮಣ್ಣಿನ ಇಳಿಜಾರು, ಆಳವಾದ ಕೊರಕಲುಗಳು ಆ ಊರಿನ ಪಾಲಿಗೆ ಬಂದ ಆಸ್ತಿ. 1950ರ ದಶಕದಲ್ಲಿ ಚೆನ್ ಯೋಂಗ್‌ಗುಯಿ ಎಂಬ ರೈತನ ಮುಂದಾಳುತನದಲ್ಲಿ ಊರಿನವರು ಕೊರಕಲುಗಳಿಗೆ ಅಡ್ಡಲಾಗಿ ಕಲ್ಲಿನ ಒಡ್ಡು ಕಟ್ಟಿ, ಹರಿದುಹೋಗುವ ಮಣ್ಣನ್ನು ತಡೆದು ಮೆಟ್ಟಿಲು ಹೊಲಗಳನ್ನು ಮಾಡಿಕೊಂಡರು. ಒಂದು ಕಣಿವೆಯ ಒಡ್ಡು ಎರಡು ಬಾರಿ ಕೊಚ್ಚಿಹೋಯಿತು. ಮೂರನೆಯ ಬಾರಿ ಅದನ್ನು ಕಮಾನಿನ ಆಕಾರದಲ್ಲಿ ಕಟ್ಟಿದರು, ಅದು ನಿಂತಿತು. 1963ರ ಪ್ರವಾಹದಲ್ಲಿ ಮನೆ, ಹೊಲಗಳು ಹಾಳಾದಾಗ ಸರ್ಕಾರದ ಪರಿಹಾರ ಬೇಡವೆಂದು ಹೇಳಿ ತಾವೇ ಊರನ್ನು ಮತ್ತೆ ಕಟ್ಟತೊಡಗಿದರು.

ಇಷ್ಟರವರೆಗೆ ಇದು ಗುಡ್ಡದ ಜನರೆಲ್ಲರೂ ಹೆಮ್ಮೆಪಡಬೇಕಾದ ಕಥೆ. 1964ರಲ್ಲಿ ಮಾವೋ ಅವರು ಕೃಷಿಯಲ್ಲಿ ದಾಜಾಯ್‌ಯಿಂದ ಕಲಿಯಿರಿ ಎಂದು ದೇಶಕ್ಕೆ ಕರೆ ಕೊಟ್ಟ ನಂತರ ಕಥೆಯ ಗತಿ ಬದಲಾಯಿತು. ಕಲಿಕೆ ಆಜ್ಞೆಯಾಯಿತು. ಎಲ್ಲೆಡೆ ಧಾನ್ಯವೇ ಮುಖ್ಯವೆಂಬ ನೀತಿಯೂ ಅದರೊಂದಿಗೆ ಸೇರಿಕೊಂಡಿತು. ಕಾಡಿಗೆ ಸಲ್ಲುವ ಇಳಿಜಾರುಗಳನ್ನು ಕಡಿದು ಉತ್ತರು. ಒಳಮಂಗೋಲಿಯದ ಹುಲ್ಲುಗಾವಲುಗಳಿಗೆ ನೇಗಿಲು ಹೂಡಿದರು. 1970ರಲ್ಲಿ ಯುನ್ನಾನ್ ಪ್ರಾಂತ್ಯದ ದಿಯಾನ್‌ಚಿ ಸರೋವರದ ಅಂಚಿಗೆ ಮಣ್ಣು ತುಂಬಿ ಹೊಲ ಮಾಡಲು ಹೊರಟರು. ಕಾಡು, ಹುಲ್ಲು, ನೀರುಗಳಿಗೆ ತಮ್ಮದೇ ಆದ ಬೆಲೆಯಿದೆಯೆಂಬ ಮಾತಿಗೆ ಆಗ ಜಾಗವಿರಲಿಲ್ಲ.

ಚೆನ್ 1975ರಲ್ಲಿ ಉಪಪ್ರಧಾನಿಯಾದರು. 1980ರಲ್ಲಿ ಆ ಹುದ್ದೆಯನ್ನು ಬಿಟ್ಟರು. ದಾಜಾಯ್ ಇಳುವರಿಯ ಲೆಕ್ಕ ಉಬ್ಬಿಸಿದ್ದೆಂದೂ, ಹೊರಗಿನ ನೆರವು ಅಲ್ಲಿಗೆ ಹರಿದಿತ್ತೆಂದೂ ಆಗ ಬಯಲಾಯಿತು. ಹಾಗೆಂದು ಆ ಊರಿನವರು ಹೊತ್ತ ಕಲ್ಲು ಸುಳ್ಳಾಗುವುದಿಲ್ಲ. ಸುಳ್ಳಾದುದು ಒಂದು ಕಣಿವೆಗೆ ಹೊಂದಿದ ಉಪಾಯ ಇಡೀ ದೇಶಕ್ಕೆ ಹೊಂದುತ್ತದೆಂಬ ನಂಬಿಕೆ.

1998ರಲ್ಲಿ ಯಾಂಗ್‌ಟ್ಸಿ ನದಿಯ ಮಹಾಪ್ರವಾಹದಲ್ಲಿ ಸಾವಿರಾರು ಜನ ಸತ್ತರು. ಬೋಳಾದ ಜಲಾನಯನದ ಪಾಲೂ ಅದರಲ್ಲಿದೆಯೆಂದು ಸರ್ಕಾರ ಒಪ್ಪಿತು. 1999ರಿಂದ ಕಡಿದಾದ, ಮುಖ್ಯವಾಗಿ 25 ಡಿಗ್ರಿ ಮೀರಿದ ಇಳಿಜಾರಿನ ಹೊಲಗಳನ್ನು ಮತ್ತೆ ಕಾಡಿಗೆ ಬಿಡಲು ರೈತರಿಗೆ ಧಾನ್ಯ, ಹಣ ಕೊಡುವ ಯೋಜನೆ ಬಂತು. ಉತ್ತಿದ್ದನ್ನು ಹಿಂದಕ್ಕೆ ಕೊಡುವ ಈ ಕೆಲಸ ಮೆಚ್ಚತಕ್ಕದ್ದೇ. ಆದರೆ ಹಲವೆಡೆ ಕಾಡಿನ ಹೆಸರಿನಲ್ಲಿ ಎದ್ದದ್ದು ಒಂದೇ ಜಾತಿಯ ನೆಡುತೋಪು. ಮೇಲಿನಿಂದ ಬಂದ ಅಪ್ಪಣೆಗೆ ಮರವೂ ಧಾನ್ಯದಂತೆಯೇ ಒಂದು ಗುರಿಸಂಖ್ಯೆ.

ಆದುದರಿಂದ ಮಾದರಿ ಗ್ರಾಮವೆಂಬ ಮಾತು ಕಿವಿಗೆ ಬಿದ್ದಾಗ ನಾವು ಕೇಳಬೇಕಾದ ಪ್ರಶ್ನೆಗಳಿವೆ. ಆ ಊರಿನ ಮಣ್ಣು ಯಾವುದು, ಇಳಿಜಾರು ಎಷ್ಟು, ಮಳೆ ಹೇಗೆ? ಲೆಕ್ಕ ಬರೆದವರು ಯಾರು? ಒಡ್ಡು ಕೊಚ್ಚಿಹೋದರೆ ಮತ್ತೆ ಬೇರೆ ರೀತಿಯಲ್ಲಿ ಕಟ್ಟಿ ನೋಡುವ ಸ್ವಾತಂತ್ರ್ಯ ಊರಿನವರಿಗೆ ಇದೆಯೇ? ದಾಜಾಯ್ ರೈತರಿಗೆ ಮೊದಲು ಈ ಸ್ವಾತಂತ್ರ್ಯವಿತ್ತು; ಅವರನ್ನು ಅನುಸರಿಸಬೇಕಾದ ಹಳ್ಳಿಗಳಿಗೆ ಇರಲಿಲ್ಲ. ವಿದ್ಯಾರ್ಥಿ ಮಿತ್ರರು ಈ ಪ್ರಶ್ನೆಗಳನ್ನು ಹಿಡಿದು ತಮ್ಮ ಊರಿನ ಗುಡ್ಡವನ್ನು ಹಿರಿಯರೊಡನೆ ಒಮ್ಮೆ ಸುತ್ತಿ ಬರಲಿ.