ಮನೆ ಮಾರಿದ್ರ ಬಾಡಿಗಿಯವರು ಹೊರಗ ನಡೀಬೇಕೇನು?

"ಮನಿ ಮಾರೇವಿ. ಅಮಾಸಿ ಒಳಗ ಖಾಲಿ ಮಾಡ್ರಿ." ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಬಾಡಿಗೆ ಮನೆಯಲ್ಲಿರುವವರಿಗೆ ಇಂಥ ಮಾತು ಹೊಸದಲ್ಲ. ಮಕ್ಕಳ ಶಾಲೆ ಅರ್ಧಕ್ಕೆ ಬಂದಿರುತ್ತದೆ, ಕರಾರು ಬಾಯಿಮಾತಿನದ್ದು. ಹಾಗಾದ್ರ ಗಂಟುಮೂಟೆ ಕಟ್ಟಬೇಕೇನು?

ತಡೀರಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಂ ಪ್ರಕಾರ, ಮನೆ ಕೊಂಡವರು ಹಳೆಯ ಮಾಲೀಕರ ಜಾಗಕ್ಕೆ ಬರುತ್ತಾರೆ, ಅಷ್ಟೇ. ಬಾಡಿಗೆ ಒಪ್ಪಂದ ಮುರಿಯುವುದಿಲ್ಲ. ಕರಾರಿನಲ್ಲಿ ಬರೆದ ಅವಧಿಗೆ ಹೊಸಬರೂ ಬದ್ಧರು. ಆದರೆ ಒಂದು ವರ್ಷ ಮೀರಿದ ಕರಾರು ನೋಂದಣಿ ಆಗಿರಬೇಕು.

ಬರಹವೇ ಇಲ್ಲದ ತಿಂಗಳ ಬಾಡಿಗೆಯಾದರೆ 106ನೇ ಕಲಂ ಪ್ರಕಾರ 15 ದಿನಗಳ ಲಿಖಿತ ನೋಟಿಸು ಬೇಕು. 15 ದಿನ ಅಂದ್ರ ಎಷ್ಟ್ರೀ? ಅದಕ್ಕೇ ಕರಾರು ಬರೆಸಿಕೊಳ್ಳಿ ಅನ್ನೋದು. ನೋಟಿಸಿನ ಗಡುವು ಮುಗಿದರೂ ಬೀಗ ಒಡೆದು ಸಾಮಾನು ಹೊರಗೆ ಹಾಕುವಂತಿಲ್ಲ. ಅವರು ಕೋರ್ಟಿಗೇ ಹೋಗಬೇಕು. ಜೋರು ಮಾಡಿ ಹೊರಹಾಕಿದರೆ, 6 ತಿಂಗಳೊಳಗೆ ದಾವೆ ಹೂಡಿ ನೀವು ಸ್ವಾಧೀನ ಮರಳಿ ಕೇಳಬಹುದು.

ಮಾರಾಟದ ಸುದ್ದಿ ತಿಳಿಯದೆ ಹಳೆಯ ಮಾಲೀಕರಿಗೆ ಕೊಟ್ಟ ಬಾಡಿಗೆಯನ್ನು ಹೊಸಬರು ಮತ್ತೆ ಕೇಳುವಂತಿಲ್ಲ. ತಿಳಿದ ಮೇಲೆ ಖರೀದಿ ಪತ್ರದ ನಕಲು ನೋಡಿ, ಹೊಸಬರಿಗೆ ಕೊಟ್ಟು ಪಾವತಿ ಇಸಿದುಕೊಳ್ಳಿ. ಜಗಳ ಹುಟ್ಟೋದು ಡಿಪಾಜಿಟ್ ಹಣಕ್ಕೆ. ಅದನ್ನು ಯಾರು ತಿರುಗಿ ಕೊಡುತ್ತಾರೆ ಎಂದು ಇಬ್ಬರೂ ಎದುರಿಗಿದ್ದಾಗಲೇ ಬರೆಸಿ, ಸಹಿ ಹಾಕಿಸಿ.

ವಕೀಲರ ಫೀ ಭಾರವಾದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ನೆರವು ಉಂಟು. ಮೊದಲು ಹಳೆಯ ಪಾವತಿಗಳನ್ನೆಲ್ಲ ಹುಡುಕಿ ಒಂದು ಕಡೆ ಇಡ್ರಿ.