‘ಕ್ರಾನಿಕ್’ ಎಂಬ ಮಾತಿನ ಅಪಾರ್ಥ

ವೈದ್ಯರು ‘ಕ್ರಾನಿಕ್’ ಎಂದೊಡನೆ ನಮ್ಮ ವಿದ್ಯಾವಂತ ಗೃಹಸ್ಥರಲ್ಲಿ ಅನೇಕರು ಅದನ್ನು ‘ಗುಣವಾಗದ ಘೋರ ವ್ಯಾಧಿ’ಯೆಂದೇ ಗ್ರಹಿಸುತ್ತಾರೆ. ಇದು ಶಬ್ದಕ್ಕೂ ರೋಗಿಗೂ ಒಮ್ಮೆಗೇ ಮಾಡುವ ಅನ್ಯಾಯ. ಗ್ರೀಕರ ‘ಖ್ರೊನೊಸ್’ ಎಂದರೆ ಕಾಲ. ಅದರಿಂದ ಹುಟ್ಟಿದ ಈ ಪದವು ವ್ಯಾಧಿಯ ಅವಧಿಯನ್ನು ಹೇಳುವುದೇ ಹೊರತು ಉಗ್ರತೆಯನ್ನಲ್ಲ. ಹೆಪಟೈಟಿಸ್-ಸಿ ಸೋಂಕು 6 ತಿಂಗಳು ಮೀರಿ ನಿಂತರೆ ‘ಕ್ರಾನಿಕ್’ ಎನಿಸುತ್ತದೆ; ಆದರೂ ಈಗಿನ ಔಷಧಗಳಿಂದ ಬಹುತೇಕ ರೋಗಿಗಳಲ್ಲಿ ಅದು ಕೆಲವೇ ತಿಂಗಳುಗಳಲ್ಲಿ ಗುಣವಾಗುತ್ತದೆ.

ನಮ್ಮ ಆಯುರ್ವೇದಜ್ಞರಿಗೆ ಈ ಭ್ರಮೆಯಿರಲಿಲ್ಲ. ಮೂರು ವಾರ ಮೀರಿ, ವೇಗ ತಗ್ಗಿ ಉಳಿದ ಜ್ವರವನ್ನು ಅವರು ‘ಜೀರ್ಣಜ್ವರ’ವೆಂದರು. ಗುಣವಾಗದುದಕ್ಕೆ ‘ಅಸಾಧ್ಯ’ವೆಂದೂ, ಪಥ್ಯೌಷಧಗಳಿಂದ ಹತೋಟಿಯಲ್ಲಿಡಬಹುದಾದುದಕ್ಕೆ ‘ಯಾಪ್ಯ’ವೆಂದೂ ಬೇರೆ ಬೇರೆ ಹೆಸರಿಟ್ಟರು.

‘ರೂಢಿಯೇ ಅರ್ಥವಲ್ಲವೆ?’ ಎಂದು ಆಕ್ಷೇಪಿಸುವವರುಂಟು. ಹರಟೆಯಲ್ಲಿ ಹಾಗೆಯೇ ಆಗಲಿ. ಆದರೆ ಮಧುಮೇಹವು ಕ್ರಾನಿಕ್ ಎಂದು ಕೇಳಿ, ‘ಇನ್ನು ಔಷಧವೇಕೆ?’ ಎಂದು ಕೈಬಿಟ್ಟವನ ಕಣ್ಣು, ಮೂತ್ರಪಿಂಡಗಳನ್ನು ರೂಢಿಯು ಉಳಿಸಿಕೊಟ್ಟೀತೆ? ದೀರ್ಘಕಾಲ ನಿಲ್ಲುವ ವ್ಯಾಧಿಗೆ ದೀರ್ಘಕಾಲದ ಚಿಕಿತ್ಸೆ ಬೇಕೆಂಬುದೇ ಆ ಪದದ ಎಚ್ಚರಿಕೆ.

ಆದುದರಿಂದ ವೈದ್ಯರು ‘ದೀರ್ಘಕಾಲಿಕ’ವೆಂದು ಕನ್ನಡದಲ್ಲಿಯೇ ಹೇಳಲಿ, ಎಷ್ಟು ಕಾಲ, ಎಷ್ಟು ಉಗ್ರ, ಗುಣವಾಗುವುದೋ ಇಲ್ಲವೋ ಎಂಬ ಮೂರನ್ನೂ ಬೇರೆಬೇರೆಯಾಗಿಯೇ ತಿಳಿಸಲಿ. ಮನೆಯವರೂ ಹಾಗೆಯೇ ಕೇಳಿ ತಿಳಿಯಲಿ.